ಹೊಸ ಟೂಲ್ ಬಂದಾಗಲೆಲ್ಲ ಬದಲಾಯಿಸಬೇಕೇ?

"ಸ್ಕ್ರ್ಯಾಚ್ ಬಿಡಿಸಿ ಪೈಥಾನ್‌ಗೆ ಹಾಕೋದಾ? ಅದೂ ಹಳೇದಾಯ್ತಂತೆ, ಈಗ ಇನ್ನೇನೋ ಬಂದಿದೆಯಂತೆ!" ಮಕ್ಕಳ ಕೋಡಿಂಗ್ ಕ್ಲಾಸಿನ ಮಾತು ಬಂದಾಗ ನಿಮ್ಮಲ್ಲಿ ಹಲವರು ಹೀಗೆ ಕೇಳುತ್ತೀರಿ. ಊರು ಬಿಟ್ಟು ಬಂದ ನಮಗೆ, ಮಕ್ಕಳು ಎಲ್ಲಿ ಹಿಂದೆ ಬೀಳುತ್ತಾರೋ ಎಂಬ ದಿಗಿಲು ತುಸು ಹೆಚ್ಚೇ. ಆದರೆ ಶನಿವಾರ, ಭಾನುವಾರದಲ್ಲಿ ಹೊಸ ಕ್ಲಾಸಿಗೆ ಜಾಗ ಮಾಡಲು ಹೊರಟಾಗ, ಮೊದಲು ಕತ್ತರಿ ಬೀಳುವುದು ಕನ್ನಡ ಕ್ಲಾಸಿಗೆ.

ನನ್ನ ಸಂಶೋಧನೆಯ ಕೆಲಸ ನಡೆಯುವುದೇ ಕೋಡ್ ಮೇಲೆ. ಹೊಸ ಟೂಲ್ ಕಂಡಾಗ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಹಳೆಯದರಲ್ಲಿ ಆಗದ ಯಾವ ಕೆಲಸ ಇದರಲ್ಲಿ ಆಗುತ್ತದೆ?

ಪೈಥಾನ್ ಕಥೆಯನ್ನೇ ನೋಡಿ. ಅದರ ಮೂರನೇ ಆವೃತ್ತಿ ಬಂದದ್ದು 2008ರ ಡಿಸೆಂಬರ್‌ನಲ್ಲಿ. ಪೈಥಾನ್ 2ಕ್ಕೆ ಬರೆದಿದ್ದ ಎಷ್ಟೋ ಪ್ರೋಗ್ರಾಂಗಳು ಅದರಲ್ಲಿ ಓಡಲಿಲ್ಲ. ಓಡಿದರೂ ಕೆಲವೊಮ್ಮೆ ಉತ್ತರವೇ ಬೇರೆ: 7/2 ಎಂದರೆ ಹಳೆಯದು 3 ಎನ್ನುತ್ತಿತ್ತು, ಹೊಸದು 3.5 ಎನ್ನುತ್ತದೆ. ಹಾಗಾಗಿ ಬಹಳ ಮಂದಿ, ತಮಗೆ ಬೇಕಾದ ಲೈಬ್ರರಿಗಳೆಲ್ಲ ಹೊಸದಕ್ಕೆ ಹೊಂದಿಕೊಳ್ಳುವವರೆಗೆ ಕಾದರು. 2015ಕ್ಕೆ ನಿಲ್ಲಬೇಕಿದ್ದ ಪೈಥಾನ್ 2ರ ಬೆಂಬಲವನ್ನು 2020ರ ಜನವರಿ 1ರವರೆಗೆ ಮುಂದೂಡಬೇಕಾಯಿತು. ಕಾದವರೇನೂ ದಡ್ಡರಲ್ಲ.

ಹಾಗೆಂದು ಬದಲಾವಣೆ ಸುಮ್ಮನೆ ಬಂದದ್ದೂ ಅಲ್ಲ. ಇಂಗ್ಲಿಷ್ ಅಲ್ಲದ ಬರಹವನ್ನು ನಿಭಾಯಿಸುವಾಗ ಹಳೆಯದು ತಡವರಿಸುತ್ತಿತ್ತು. ಇದನ್ನು ಮನೆಯಲ್ಲೇ ನೋಡಬಹುದು. 'ಕನ್ನಡ' ಎಂಬ ಪದದಲ್ಲಿ ಎಷ್ಟು ಅಕ್ಷರ ಎಂದು ಮಗುವನ್ನು ಕೇಳಿ. ಕ, ನ್ನ, ಡ: ಮೂರು. ಅದೇ ಪದವನ್ನು ಯುಟಿಎಫ್-8ರಲ್ಲಿ ಮಾಮೂಲಾಗಿ ಬರೆದು ಉದ್ದ ಕೇಳಿದರೆ ಪೈಥಾನ್ 2 ಹೇಳುತ್ತಿದ್ದದ್ದು 15. ಅದು ಎಣಿಸುತ್ತಿದ್ದದ್ದು ಅಕ್ಷರಗಳನ್ನಲ್ಲ, ಬೈಟ್‌ಗಳನ್ನು. ಪೈಥಾನ್ 3 ಹೇಳುವುದು 5. ಯೂನಿಕೋಡ್ ಲೆಕ್ಕದಲ್ಲಿ ಕ, ನ, ಒತ್ತು ಕೊಡಿಸುವ ಹಲಂತ ಚಿಹ್ನೆ, ಮತ್ತೊಂದು ನ, ಡ.

ಹದಿನೈದಕ್ಕಿಂತ ಐದು ವಾಸಿ. ಹೊಸದಕ್ಕೆ ಹೋಗಲು ಅದು ಸರಿಯಾದ ಕಾರಣ. ಆದರೆ ಐದು ಮೂರಲ್ಲ. ಆ ವ್ಯತ್ಯಾಸ ಕಣ್ಣಿಗೆ ಬೀಳುವುದು ಯಾರಿಗೆ? ಒತ್ತಕ್ಷರ ಕಲಿತ ಮಗುವಿಗೆ. ಕನ್ನಡ ಬಾರದ ಮಗು ಕಂಪ್ಯೂಟರ್ ಹೇಳಿದ ಐದನ್ನೇ ಒಪ್ಪಿಕೊಂಡು ಮುಂದೆ ಹೋಗುತ್ತದೆ. ಟೂಲ್ ಎಲ್ಲಿ ಸೋಲುತ್ತದೆ ಎಂದು ಗುರುತಿಸಲು, ಅದರ ಹೊರಗಿನದೇನಾದರೂ ಗೊತ್ತಿರಬೇಕು.

ಆದ್ದರಿಂದ, ಪಕ್ಕದ ಮನೆಯ ಮಗು ಯಾವ ಕ್ಲಾಸಿಗೆ ಸೇರಿತು ಎಂದು ನೋಡಿ ತೀರ್ಮಾನಿಸಬೇಡಿ. "ನನಗೆ ಹೀಗೆ ಮಾಡಬೇಕು, ಸ್ಕ್ರ್ಯಾಚ್‌ನಲ್ಲಿ ಆಗ್ತಿಲ್ಲ" ಎಂದು ನಿಮ್ಮ ಮಗುವೇ ಬಂದು ಹೇಳಿದ ದಿನ ಧಾರಾಳವಾಗಿ ಬದಲಾಯಿಸಿ. ಅಲ್ಲಿಯವರೆಗೆ ಕೈಯಲ್ಲಿರುವುದರಲ್ಲೇ ಇನ್ನೊಂದು ಆಟ ಕಟ್ಟಲಿ. ಪ್ರೋಗ್ರಾಮಿಂಗ್ ಭಾಷೆಯನ್ನು ದೊಡ್ಡವರಾದ ಮೇಲೂ ಕೆಲವು ತಿಂಗಳಲ್ಲಿ ಕಲಿಯಬಹುದು. ನಾವೆಲ್ಲ ಕಲಿತದ್ದು ಹಾಗೆಯೇ. ಅಜ್ಜಿಯ ಜೊತೆ ಫೋನಿನಲ್ಲಿ ತಡವರಿಸದೆ ಹರಟುವ ಕನ್ನಡ ಅಷ್ಟು ಸಲೀಸಾಗಿ ಆಮೇಲೆ ಬರುವುದಿಲ್ಲ.