ಉರು ಹೊಡೆದ ಪದ ಬಳಕೆಗೆ ಬಾರದು

ಪುಣೆಯ ಅಪ್ಪಾ ಬಳವಂತ ಚೌಕದ ಅಂಗಡಿಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ಗೈಡುಗಳ ಪಕ್ಕದಲ್ಲೇ ಇಂಗ್ಲಿಷ್ ಪದಪಟ್ಟಿಗಳ ಪುಸ್ತಕಗಳೂ ಇರುತ್ತವೆ. ಎಡಕ್ಕೊಂದು ಕಠಿಣ ಪದ, ಬಲಕ್ಕೊಂದು ಸಾಲಿನ ಅರ್ಥ. ಸದಾಶಿವ ಪೇಟೆಯ ‘ಅಭ್ಯಾಸಿಕೆ’ ಎಂಬ ಓದುಕೋಣೆಗಳಲ್ಲಿ ಕೂತ ಹುಡುಗ ಹುಡುಗಿಯರು ಇವನ್ನು ದಿನಕ್ಕಿಷ್ಟು ಎಂದು ಬಾಯಿಪಾಠ ಮಾಡುತ್ತಾರೆ. ನಾರ್ಮನ್ ಲೂಯಿಸ್‌ನ 1949ರ ‘ವರ್ಡ್ ಪವರ್ ಮೇಡ್ ಈಸಿ’ ಪದಗಳನ್ನು ಧಾತು ಹಿಡಿದು ಕಲಿಸುವ ಪುಸ್ತಕ. ನಮ್ಮವರು ಅದನ್ನೂ ಪಟ್ಟಿ ಮಾಡಿಕೊಂಡು ಉರು ಹೊಡೆಯುತ್ತಾರೆ. ಈ ಶ್ರಮದ ಬಹುಪಾಲು ನೀರಲ್ಲಿ ಹೋಮ ಎಂದೇ ನನ್ನ ಅಭಿಪ್ರಾಯ.

ಅಮೆರಿಕದ ಜಾರ್ಜ್ ಮಿಲ್ಲರ್ ಮತ್ತು ಪೆಟ್ರೀಷಿಯಾ ಗಿಲ್ಡಿಯಾ 1987ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದಕ್ಕೊಂದು ಪುರಾವೆಯಿದೆ. ಮಕ್ಕಳಿಗೆ ನಿಘಂಟಿನ ಅರ್ಥ ಕೊಟ್ಟು ವಾಕ್ಯ ಮಾಡಿ ಎಂದಾಗ, ‘ಇರೋಡ್’ ಪದಕ್ಕೆ ‘ಈಟ್ ಔಟ್’ ಎಂಬ ಅರ್ಥ ಕಂಡ ಮಗುವೊಂದು ತನ್ನ ಮನೆಯವರು ತುಂಬಾ ‘ಇರೋಡ್’ ಮಾಡುತ್ತಾರೆ ಎಂದು ಬರೆಯಿತು. ಹೊಳೆ ದಡ ಕೊರೆಯುವುದಕ್ಕೆ ಹೇಳುವ ಪದ ಹೋಟೆಲ್ ಊಟಕ್ಕೆ ಬಂದು ಕೂತಿತು! ಮಗುವಿನ ತಪ್ಪೇನಿಲ್ಲ, ಅದಕ್ಕೆ ಸಿಕ್ಕಿದ್ದು ಅರ್ಥವೊಂದೇ, ಬಳಕೆಯಲ್ಲ. ಇದನ್ನು ಪುಣೆಗೆ ಹೊರಗಿನವರು ಬಂದು ಹೇಳಬೇಕಿಲ್ಲ. ಇಲ್ಲಿನ ಡೆಕ್ಕನ್ ಕಾಲೇಜಿನಲ್ಲಿ ಎಸ್.ಎಂ. ಕತ್ರೆ 1948ರಲ್ಲಿ ಆರಂಭಿಸಿದ ಸಂಸ್ಕೃತ ನಿಘಂಟಿನ ಯೋಜನೆಗಾಗಿ ಸುಮಾರು 1,500 ಗ್ರಂಥಗಳಿಂದ ಕೋಟಿಯಷ್ಟು ಚೀಟಿಗಳನ್ನು ಬರೆದಿಟ್ಟಿದ್ದಾರೆ. ಯಾವ ಪದ ಎಲ್ಲಿ, ಹೇಗೆ ಬಂದಿದೆ ಎಂದು ನೋಡಿದ ಮೇಲಷ್ಟೇ ಅಲ್ಲಿ ಅರ್ಥ ಬರೆಯುತ್ತಾರೆ. ನಿಘಂಟುಕಾರ ಕೊನೆಗೆ ತಲುಪುವ ಸಾಲನ್ನು ವಿದ್ಯಾರ್ಥಿ ಮೊದಲೇ ನುಂಗಲು ಹೊರಟಿದ್ದಾನೆ.

ಪರೀಕ್ಷೆಯಲ್ಲೇ ಸಮಾನಾರ್ಥಕ, ವಿರುದ್ಧಾರ್ಥಕ ಕೇಳುತ್ತಾರಲ್ಲ ಎನ್ನಬಹುದು. ಕೇಳುತ್ತಾರೆ, ನಿಜ. ಆದರೆ ಖಡಕ್‌ವಾಸಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಪ್ರವೇಶ ಪರೀಕ್ಷೆಯ ಪಠ್ಯಕ್ರಮದಲ್ಲಿ ಪದಸಂಪತ್ತಿನ ಜೊತೆಗೆ ಬಳಕೆ, ಗದ್ಯಭಾಗದ ಗ್ರಹಿಕೆಯೂ ಇವೆ. ಪದಪಟ್ಟಿಗಳ ಹುಚ್ಚು ಹಿಡಿಸಿದ, ವಿದೇಶಿ ಉನ್ನತ ವ್ಯಾಸಂಗಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆಯಂತೂ 2011ರಲ್ಲೇ ವಿರುದ್ಧಾರ್ಥಕ ಪ್ರಶ್ನೆಗಳನ್ನು ಕೈಬಿಟ್ಟು, ವಾಕ್ಯದೊಳಗೇ ಪದ ಕೂರಿಸಲು ಹೇಳತೊಡಗಿತು.

ಇದಕ್ಕಿಂತ ತೂಕದ ಆಕ್ಷೇಪ ಬೇರೆಯಿದೆ. ಅಥಣಿಯಿಂದಲೋ ಇಂಡಿಯಿಂದಲೋ ಕನ್ನಡ ಮಾಧ್ಯಮದಲ್ಲಿ ಓದಿ ಪುಣೆಗೆ ಬಂದವರಿಗೆ, ಮನೆಯಲ್ಲಿ ಇಂಗ್ಲಿಷ್ ಪುಸ್ತಕವೇ ಇರದಿದ್ದವರಿಗೆ, ನಿಧಾನವಾಗಿ ಓದಿ ಕಲಿಯಿರಿ ಎನ್ನುವುದು ಹೊಟ್ಟೆ ತುಂಬಿದವರ ಮಾತು. ಒಪ್ಪುತ್ತೇನೆ. ಬಿಡುವು ಕೊಟ್ಟು ಮತ್ತೆ ಮತ್ತೆ ತಿರುವಿದ ಪದ ನೆನಪಲ್ಲಿ ಉಳಿಯುತ್ತದೆ ಎಂಬುದೂ ದಿಟ. ಆದರೆ ಸಮಯ ಕಡಿಮೆ ಇದ್ದವರೇ ಪದಗಳನ್ನು ಹೆಚ್ಚು ಎಚ್ಚರದಿಂದ ಆರಿಸಿ ಕಲಿಯಬೇಕು. ನ್ಯೂಜಿಲೆಂಡಿನ ಆವ್ರಿಲ್ ಕಾಕ್ಸ್‌ಹೆಡ್ 2000ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿರುವುದು 570 ಪದಕುಟುಂಬಗಳು. ಶೈಕ್ಷಣಿಕ ಬರಹದಲ್ಲಿ ಬರುವ ಪದಗಳ ಹತ್ತರಲ್ಲೊಂದು ಪಾಲು ಇವೇ. ‘ಅಸ್ಯೂಮ್’, ‘ಎವಿಡೆನ್ಸ್’, ‘ಡಿರೈವ್’ ಮುಂತಾದ ಈ ಪದಗಳು ಕಾಲೇಜು ಪುಸ್ತಕದಲ್ಲಿ ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ, ಪಟ್ಟಿ ಪುಸ್ತಕದ ಅಪರೂಪದ ಪದಗಳ ಹಾಗಲ್ಲ. ಪ್ರಕಾಶಕರು ಪದಗಳನ್ನು ಕಾಲುಭಾಗಕ್ಕಿಳಿಸಿ, ಒಂದೊಂದಕ್ಕೂ ಪತ್ರಿಕೆಯಿಂದ ಆರಿಸಿದ ಮೂರು ವಾಕ್ಯ ಸೇರಿಸಲಿ. ಬೆಲೆ ಬೇಕಾದರೆ ಈಗಿನಷ್ಟೇ ಇರಲಿ.