ಲಡಾಖಿನ ಚಿಕ್ಕ ಊರುಗಳಲ್ಲಿ ಅತಿಥಿಗಳಾಗಿ

ರಜೆಯ ದಿನಗಳಲ್ಲಿ ಲಡಾಖಿಗೆ ಹೋಗಿಬರುವ ಕುಟುಂಬಗಳು ನಮ್ಮಲ್ಲಿಯೂ ಹೆಚ್ಚುತ್ತಿರುವುದು ಸಂತೋಷಕರವಾದ ಸಂಗತಿಯೇ ಸರಿ. ಆದರೆ ನಾಲ್ಕು ದಿವಸಗಳಲ್ಲಿ ನಾಲ್ಕು ಕಣಿವೆಗಳನ್ನು ಸುತ್ತಿ, ಚಿತ್ರಗಳ ಕಟ್ಟನ್ನು ಹೊತ್ತು ಹಿಂದಿರುಗುವುದನ್ನು ನಾವು ಪ್ರವಾಸವೆಂದು ಕರೆಯಲಾರೆವು.

ಲೇಹ್ ಪಟ್ಟಣವು ಸಮುದ್ರಮಟ್ಟದಿಂದ ಸುಮಾರು 11,500 ಅಡಿ ಎತ್ತರದಲ್ಲಿದೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆಹಿಮಗಳೆಲ್ಲ ಸೇರಿ ಸುಮಾರು 4 ಅಂಗುಲ ಮಾತ್ರ. ಹೀಗಿರಲು, ಬೋಳು ಬೆಟ್ಟಗಳ ನಡುವೆ ಆಲ್ಚಿ, ಬಾಸ್ಗೋ ಮೊದಲಾದ ಊರುಗಳಲ್ಲಿ ಜವೆಗೋದಿಯ ಹೊಲಗಳೂ ಜರದಾಳು ಮರಗಳೂ ಹಸುರಾಗಿ ನಿಂತಿರುವುದು ಹೇಗೆ? ಹಿಮ ಕರಗಿದ ನೀರನ್ನು ಕಾಲುವೆಗಳಿಂದ ತಂದು, ಚುರ್ಪೋನ್ ಎಂಬವನು ಹೊಲಹೊಲಕ್ಕೂ ಸರದಿಯ ಮೇಲೆ ಬಿಡುವುದರಿಂದ. ನಮ್ಮ ಕೆರೆಯ ಊರುಗಳ ನೀರುಗಂಟಿಯೇ ಅವನೆನ್ನಬಹುದು.

1974ರಲ್ಲಿ ಈ ಸೀಮೆಯು ವಿದೇಶೀ ಪ್ರವಾಸಿಗರಿಗೆ ತೆರೆದ ತರುವಾಯ ಲೇಹ್‌ನಲ್ಲಿ ವಸತಿಗೃಹಗಳು ಬೆಳೆದವು. ಅವುಗಳೊಡನೆ ಕೊಳವೆಬಾವಿಗಳೂ ಬೆಳೆದವು. ಅಲ್ಲಿಯ ಹಳೆಯ ಮನೆಗಳ ಒಣ ಪಾಯಿಖಾನೆಗೆ ಒಂದು ತಂಬಿಗೆ ನೀರೂ ಬೇಡ. ಅದರ ಮಣ್ಣು ಹೊಲಕ್ಕೆ ಗೊಬ್ಬರ. ಅದನ್ನು ಕಂಡು ಮೂಗು ಮುಚ್ಚಿಕೊಂಡು, ನಲ್ಲಿಯ ಸ್ನಾನಗೃಹವನ್ನೇ ಬೇಡುವ ಅತಿಥಿಯು ಯಾರ ಸರದಿಯ ನೀರನ್ನು ಚೆಲ್ಲುತ್ತಾನೆ? ಸೋನಮ್ ವಾಂಗ್ಚುಕ್ ಅವರು 2013-14ರ ಚಳಿಗಾಲದಿಂದೀಚೆಗೆ ತೊರೆಯ ನೀರನ್ನು ಮಂಜಿನ ಸ್ತೂಪಗಳಾಗಿ ಹೆಪ್ಪುಗಟ್ಟಿಸಿ ವಸಂತದ ಬಿತ್ತನೆಗೆ ಕಾದಿರಿಸಲು ಯತ್ನಿಸಿದ್ದು ಇಂಥ ಕೊರತೆಯ ನಿಮಿತ್ತವೇ.

ಹೆಣ್ಣುಮಕ್ಕಳನ್ನು ಅಷ್ಟು ದೂರ ಕರೆದೊಯ್ಯುವುದೇ ಎಂದು ಹಿಂಜರಿಯುವ ತಾಯ್ತಂದೆಗಳೇ, ಧಾರಾಳವಾಗಿ ಕರೆದೊಯ್ಯಿರಿ. ಎತ್ತರದ ಗಾಳಿಗೆ ದೇಹವು ಒಗ್ಗುವಂತೆ ಮೊದಲ ಎರಡು ದಿನ ವಿಶ್ರಮಿಸಿರಿ. ಆಮೇಲೆ ಆಲ್ಚಿಯಂಥ ಒಂದೇ ಊರಿನಲ್ಲಿ ಮೂರು ರಾತ್ರಿ ತಂಗಿರಿ. ಸ್ನಾನಕ್ಕೆ ಒಂದು ಬಕೆಟ್ಟು ನೀರು ಸಾಕೆಂದು ಮನೆಯವರಿಗೆ ಮೊದಲೇ ತಿಳಿಸಿರಿ.