ಕರ ನಮ್ಮದು, ಕಪಾಟು ಯಾರದು?

ಪಂಚಾಯ್ತಿಗೆ ಮನೆ ತೆರಿಗೆ ಕಟ್ಟಿದ ರಸೀದಿ ಇದ್ದರೆ ಒಮ್ಮೆ ತೆಗೆದು ನೋಡಿ. ತೆರಿಗೆಯ ಜೊತೆಗೆ ಆರೋಗ್ಯ ಕರ, ಶಿಕ್ಷಣ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ ಅಂತ ಸಣ್ಣ ಸಣ್ಣ ಸಾಲುಗಳಿರುತ್ತವೆ. ಗ್ರಂಥಾಲಯ ಕರ 100 ರೂಪಾಯಿ ತೆರಿಗೆಗೆ 6 ರೂಪಾಯಿ. 500 ರೂಪಾಯಿ ತೆರಿಗೆ ಕಟ್ಟುವ ಮನೆ 30 ರೂಪಾಯಿಯನ್ನು ಗ್ರಂಥಾಲಯಕ್ಕೆ ಅಂತಲೇ ಕೊಡುತ್ತದೆ. ಅಕ್ಷರ ಬಾರದ ಅಜ್ಜಿಯೂ ಕೊಡುತ್ತಾಳೆ. ಬಾಗಿಲಿಗೆ ಕೀಲಿ ಹಾಕಿ ಬೆಂಗಳೂರಿಗೆ, ಪುಣೆಗೆ ಗುಳೆ ಹೋದವರೂ ಬಂದ ಮೇಲೆ ಕೊಡುತ್ತಾರೆ.

ಆ ದುಡ್ಡಿನ ಕಪಾಟಿನಲ್ಲಿ ಏನಿದೆ? ಅದನ್ನು ಆರಿಸಿದವರು ಯಾರು? ದೇವದುರ್ಗ, ಮಾನ್ವಿ ಕಡೆ ನಾವು ಸುದ್ದಿಗೆ ಹೋದ ಗ್ರಾಮಸಭೆಗಳಲ್ಲಿ ಚರಂಡಿಯ ಜಗಳ ಕೇಳಿದ್ದೇವೆ, ಮನೆ ಹಂಚಿಕೆಯ ಜಗಳ ಕೇಳಿದ್ದೇವೆ, ಉದ್ಯೋಗ ಖಾತ್ರಿ ಕೂಲಿಯ ಜಗಳ ಕೇಳಿದ್ದೇವೆ. ಪುಸ್ತಕದ ಜಗಳ ಮಾತ್ರ ಕೇಳಿಲ್ಲ. ಆ ಜಗಳವೂ ಆಗಲಿ ಅಂತಲೇ ಇದನ್ನು ಬರೆಯುತ್ತಿದ್ದೇವೆ.

ಕಪಾಟಿನಲ್ಲಿ ಇರುವುದು

ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಗ್ರಂಥಾಲಯ ಇಲಾಖೆಯ ಕೈಯಲ್ಲಿದ್ದ ಪಂಚಾಯ್ತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಶುರುವಾಗಿ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಸಿಕ್ಕಿತು. ಈಗ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಅಂತ ಬರೆದಿದೆ. ಎಷ್ಟೋ ಕಡೆ ಗೋಡೆಗೆ ಬಣ್ಣ ಬಂತು, ಟಿವಿ ಬಂತು, ಕಂಪ್ಯೂಟರ್ ಬಂತು. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಕಡಿಮೆ ಸಂಬಳದಲ್ಲಿ ದಿನಾ ಬಾಗಿಲು ತೆಗೆದು ಕಸ ಗುಡಿಸುವ ಮೇಲ್ವಿಚಾರಕರ ಮೇಲೂ ನಮ್ಮ ಸಿಟ್ಟಿಲ್ಲ.

ಸಿಟ್ಟು ಕಪಾಟಿನ ಮೇಲೆ. ನಾವು ನೋಡಿದ ಕಪಾಟುಗಳಲ್ಲಿ ಎಫ್‌ಡಿಎ, ಪಿಎಸ್‌ಐ, ಟಿಇಟಿ ಗೈಡುಗಳಿವೆ, ಅವೂ ಹಳೆಯ ವರ್ಷದವು. ‘ಯಶಸ್ಸಿನ ಗುಟ್ಟು’ ಹೇಳುವ ಪುಸ್ತಕಗಳಿವೆ. ಒಬ್ಬರೇ ಮಹಾತ್ಮರ ಕಿರುಜೀವನ ನಾಲ್ಕು ಪ್ರತಿ ಇದೆ. ಯಾರೂ ಬಿಚ್ಚದ ಕವನ ಸಂಕಲನಗಳ ಸಾಲೇ ಇದೆ. ನಮ್ಮ ಎರೆ ಮಣ್ಣಿನ ಬಗ್ಗೆ, ಕಾಲುವೆ ನೀರಿನ ಬಗ್ಗೆ, ಅಲಾಯಿ ಪದದ ಬಗ್ಗೆ, ಗುಳೆಯ ಬಗ್ಗೆ ಒಂದು ಪುಸ್ತಕ ಕೊಡ್ರಿ ಅಂದರೆ ಮೇಲ್ವಿಚಾರಕರು ನಮ್ಮ ಮುಖ ನೋಡುತ್ತಾರೆ.

ಹಳೆಯ ಪುಸ್ತಕಗಳು ಬಂದ ದಾರಿ ಇದು: ಪ್ರಕಾಶಕರು ಬೆಂಗಳೂರಿಗೆ ಪುಸ್ತಕ ಕಳಿಸುತ್ತಾರೆ, ಅಲ್ಲಿಯ ಸಮಿತಿ ಆರಿಸುತ್ತದೆ, ಗ್ರಂಥಾಲಯ ಇಲಾಖೆ ಸಗಟು ಖರೀದಿ ಮಾಡುತ್ತದೆ. ಸಾಮಾನ್ಯವಾಗಿ ಒಂದು ಪುಸ್ತಕಕ್ಕೆ 300 ಪ್ರತಿ. ರಾಜ್ಯದಲ್ಲಿ ಪಂಚಾಯ್ತಿ ಗ್ರಂಥಾಲಯಗಳೇ 5,000ಕ್ಕಿಂತ ಹೆಚ್ಚು. ಯಾವ ಊರಿಗೆ ಯಾವ ಪುಸ್ತಕ ಬೀಳುತ್ತದೆ ಅನ್ನುವುದು ಲಾಟರಿ ಇದ್ದಂತೆ. ಶೃಂಗೇರಿಯ ಮಳೆ ಎಷ್ಟು, ದೇವದುರ್ಗದ ಮಳೆ ಎಷ್ಟು? ಇಬ್ಬರಿಗೂ ಒಂದೇ ಪಟ್ಟಿ. ಇಲಾಖೆ ಬದಲಾದ ಮೇಲೂ ‘ನಿಮಗೆ ಯಾವ ಪುಸ್ತಕ ಬೇಕು’ ಅಂತ ಊರಿನವರನ್ನು ಕೇಳುವ ರೂಢಿಯನ್ನು ನಾವು ಎಲ್ಲೂ ಕಂಡಿಲ್ಲ.

ಕಪಾಟಿನಲ್ಲಿ ಇಲ್ಲದ್ದು

ಮೊದಲು ನೆಲದಿಂದ ಶುರು ಮಾಡೋಣ. ನಮ್ಮ ದೋಆಬ್ ಸೀಮೆಯಲ್ಲಿ ಬೂದಿ ದಿಬ್ಬಗಳಿವೆ. ದೊಡ್ಡಿಯಲ್ಲಿ ದನ ಕಟ್ಟಿ, ಸೆಗಣಿ ಗುಡ್ಡೆ ಹಾಕಿ, ಅದಕ್ಕೆ ಬೆಂಕಿ ಇಟ್ಟ ಜನರ ಗುರುತು ಅವು. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಮಾತು. ರಾಬರ್ಟ್ ಬ್ರೂಸ್ ಫೂಟ್ ಇಂಥ ದಿಬ್ಬಗಳನ್ನು ಹುಡುಕಿಕೊಂಡು ಈ ಸೀಮೆ ತಿರುಗಿದ. ಆಮೇಲೆ ರೇಮಂಡ್ ಆಲ್ಚಿನ್ ಮುದಗಲ್ ಹತ್ತಿರದ ಪಿಕ್ಲಿಹಾಳದಲ್ಲಿ ಅಗೆದು, ದಕ್ಷಿಣ ಭಾರತದ ಆ ದನಗಾರರ ಮೇಲೆ 1963ರಲ್ಲಿ ಪುಸ್ತಕ ತಂದ. ಅದು ಅಚ್ಚಾದದ್ದು ಕೇಂಬ್ರಿಡ್ಜಿನಲ್ಲಿ, ಇಂಗ್ಲಿಷಿನಲ್ಲಿ. ಈಗಲೂ ದನ ಕಾಯುವ ಮನೆಯ ಹುಡುಗನಿಗೆ ಕನ್ನಡದಲ್ಲಿ ಆ ಕಥೆ ಹೇಳುವ ಒಂದು ತೆಳು ಪುಸ್ತಕವಾದರೂ ಪಂಚಾಯ್ತಿ ಕಪಾಟಿನಲ್ಲಿ ಬೇಡವೇ?

ಮಸ್ಕಿಯ ಶಾಸನ 1915ರಲ್ಲಿ ಬಂಗಾರ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಬಿತ್ತು. ‘ದೇವಾನಾಂಪ್ರಿಯ’ ಅಂದರೆ ಅಶೋಕನೇ ಅಂತ ಗಟ್ಟಿ ಮಾಡಿದ ಶಾಸನ ಅದು. ಗೈಡಿನಲ್ಲಿ ಇದು ಒಂದು ಮಾರ್ಕಿನ ಪ್ರಶ್ನೆ. ಆ ಬಂಡೆ ನಮ್ಮ ಜಿಲ್ಲೆಯಲ್ಲೇ ಇದೆ, ಬಸ್ ಹತ್ತಿದರೆ ನೋಡಿ ಬರಬಹುದು ಅನ್ನುವುದು ಗೈಡಿನಲ್ಲಿ ಇರುವುದಿಲ್ಲ. ದೇವದುರ್ಗ ತಾಲೂಕಿನ ಗಬ್ಬೂರಿನ ಗುಡಿಗಳೂ ಶಾಸನಗಳೂ ಹಾಗೆಯೇ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಜಿಲ್ಲಾವಾರು ಶಾಸನ ಸಂಪುಟಗಳನ್ನು ತಂದಿದೆ. ನಮ್ಮ ಶಾಸನ ಓದಲು ನಾವು ಹಂಪಿಗೆ ಹೋಗಬೇಕೇ?

ಇನ್ನು ನೀರು. ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ, ಮಾನ್ವಿಗೆ ತುಂಗಭದ್ರಾ ಎಡದಂಡೆ. ಕಾಲುವೆಯ ಕೊನೆಭಾಗದ ರೈತನಿಗೆ ನೀರು ಯಾಕೆ ಮುಟ್ಟುವುದಿಲ್ಲ, ನೀರು ಮುಟ್ಟಿದ ಹೊಲ ಯಾಕೆ ಸವಳಾಗುತ್ತದೆ, ಎರೆ ಹೊಲಕ್ಕೂ ಮಸಾರಿ ಹೊಲಕ್ಕೂ ನೀರು ಕುಡಿಯುವ ರೀತಿ ಯಾಕೆ ಬೇರೆ, ಕೃಷ್ಣೆಯ ಮೊಸಳೆ ಯಾಕೆ ದಡಕ್ಕೆ ಬರುತ್ತದೆ, ಬಳ್ಳಾರಿ ಜಾಲಿ ನಮ್ಮ ಗಾಂವಠಾಣಾ ಹೇಗೆ ನುಂಗಿತು? ಇದೆಲ್ಲ ಪರಿಸರ ವಿಜ್ಞಾನವೇ. ಮಲೆನಾಡಿನ ಕಾಡಿನ ಬಗ್ಗೆ ಬಿ.ಜಿ.ಎಲ್. ಸ್ವಾಮಿ, ಪೂರ್ಣಚಂದ್ರ ತೇಜಸ್ವಿ ಬರೆದರು. ಅವರ ‘ಹಸುರು ಹೊನ್ನು’, ‘ಕರ್ವಾಲೊ’ ನಮ್ಮ ಮಕ್ಕಳೂ ಓದಲಿ. ಓದಿದ ಮೇಲೆ ನಮ್ಮ ಬಯಲನ್ನೂ ಅದೇ ಕಣ್ಣಿನಿಂದ ನೋಡಲಿ.

ಹೊರಗಿನ ಪುಸ್ತಕವೂ ಬೇಕು. ಮಾನ್ವಿಯ ಭತ್ತದ ಗದ್ದೆಯಲ್ಲಿ, ದೇವದುರ್ಗದ ಹತ್ತಿ, ಮೆಣಸಿನಕಾಯಿ ಹೊಲದಲ್ಲಿ ಬರಿಗೈಯಲ್ಲಿ ಎಣ್ಣೆ ಹೊಡೆಯುವವರ ಮನೆಗೆ ರೇಚಲ್ ಕಾರ್ಸನ್ ಎಂಬ ಹೆಣ್ಣುಮಗಳ ಹೆಸರು ತಿಳಿದಿರಬೇಕು. ಕೀಟನಾಶಕ ಹಕ್ಕಿಯನ್ನೂ ಮನುಷ್ಯನನ್ನೂ ಏನು ಮಾಡುತ್ತದೆ ಅಂತ ಆಕೆ 1962ರಲ್ಲಿ ಅಮೆರಿಕದಲ್ಲಿ ಬರೆದಳು. ಅಷ್ಟು ದೂರ ಬೇಡ ಅಂದರೆ ಕಾಸರಗೋಡು ನೋಡಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದಾಗ, ಅಂಗ ಊನವಾಗಿ ಹುಟ್ಟುವ ಕರುಗಳನ್ನು ಕಂಡು ಮೊದಲು ಬರೆದವರಲ್ಲಿ ಆ ಕಡೆಯ ಕನ್ನಡದ ರೈತ ಶ್ರೀಪಡ್ರೆ ಇದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೆಲ್ಲ ನಿಲ್ಲಿಸಿತು. ಅವರೇ ಮುಂದೆ ‘ಅಡಿಕೆ ಪತ್ರಿಕೆ’ಯಲ್ಲಿ ರೈತರ ಕೈಗೇ ಪೆನ್ನು ಕೊಟ್ಟರು. ಅಡಿಕೆಯವರು ಬರೆಯಬಹುದಾದರೆ ತೊಗರಿ, ಹತ್ತಿಯವರು ಯಾಕೆ ಬರೆಯಬಾರದು?

ಸಮಾಜದ ಮಾತಿಗೆ ಬಂದರೆ ನಗಬೇಕೋ ಅಳಬೇಕೋ ತಿಳಿಯದು. 2002ರ ಡಿ.ಎಂ. ನಂಜುಂಡಪ್ಪ ವರದಿ ರಾಜ್ಯದ 39 ತಾಲೂಕುಗಳನ್ನು ‘ಅತ್ಯಂತ ಹಿಂದುಳಿದ’ ಅಂತ ಗುರುತಿಸಿತು. ದೇವದುರ್ಗ, ಮಾನ್ವಿ ಎರಡೂ ಅದರಲ್ಲಿವೆ. ವೇದಿಕೆ ಹತ್ತಿದ ಎಲ್ಲ ನಾಯಕರೂ ಆ ವರದಿಯ ಹೆಸರು ಹೇಳುತ್ತಾರೆ. ನಾವು ಹುಡುಕಿದ ಯಾವ ಪಂಚಾಯ್ತಿ ಕಪಾಟಿನಲ್ಲೂ ಅದು ಸಿಗಲಿಲ್ಲ. ನಮ್ಮನ್ನು ಹಿಂದುಳಿದವರು ಅಂತ ಬರೆದ ಪುಸ್ತಕವನ್ನು ನಾವೇ ಓದದಿದ್ದರೆ, ಅದರಲ್ಲಿ ಹೇಳಿದ್ದು ಎಷ್ಟು ಆಯ್ತು, ಎಷ್ಟು ಆಗಲಿಲ್ಲ ಅಂತ ಕೇಳುವವರು ಯಾರು? 371(ಜೆ) ಬಗ್ಗೆಯೂ ಸರ್ಟಿಫಿಕೇಟ್ ಮಾಡಿಸುವಷ್ಟು ಗೊತ್ತಿದೆ. ಅದಕ್ಕಾಗಿ ನಡೆದ ಹೋರಾಟ, ಅದಕ್ಕೂ ಹಿಂದಿನ ನಿಜಾಮರ ಕಾಲ, 1948ರ ಸೆಪ್ಟೆಂಬರ್ 17, ಇವೆಲ್ಲ ನಮ್ಮ ಅಜ್ಜ ಅಜ್ಜಿ ಕಂಡದ್ದು. ಅವರ ಜೊತೆಗೇ ಅದು ಮಣ್ಣಾಗುತ್ತಿದೆ.

ಸಂಸ್ಕೃತಿಯಲ್ಲಂತೂ ನಾವು ಬಡವರಲ್ಲ. ಹರಿದಾಸರ ದೊಡ್ಡ ಪರಂಪರೆ ಈ ಮಣ್ಣಿನದು. ವಿಜಯದಾಸರು ಮಾನ್ವಿ ಸೀಮೆಯ ಚೀಕಲಪರ್ವಿಯವರು. ‘ಹರಿಕಥಾಮೃತಸಾರ’ ಬರೆದ ಜಗನ್ನಾಥದಾಸರು ಅದೇ ಸೀಮೆಯ ಬ್ಯಾಗವಾಟದವರು. ಗೋಪಾಲದಾಸರು ದೇವದುರ್ಗ ಕಡೆಯ ಮೊಸರಕಲ್ಲಿನವರು. ಇಂದಿನವರಲ್ಲಿ ಅಮರೇಶ ನುಗಡೋಣಿ ಹಳೆಯ ಮಾನ್ವಿ ತಾಲೂಕಿನ ನುಗಡೋಣಿಯವರು. ಅವರ ‘ಸವಾರಿ’ ಕಥೆಯಿಂದಲೇ ಗಿರೀಶ ಕಾಸರವಳ್ಳಿ ‘ಕನಸೆಂಬೋ ಕುದುರೆಯನೇರಿ’ ಸಿನಿಮಾ ಮಾಡಿದರು. ರಾಯಚೂರು ಜಿಲ್ಲೆಯ ಹೆಂಬೇರಾಳದ ಶಾಂತರಸರು 2006ರಲ್ಲಿ ಬೀದರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ಇವರ ಪುಸ್ತಕ ಇವರ ಜಿಲ್ಲೆಯ ಪಂಚಾಯ್ತಿ ಕಪಾಟಿನಲ್ಲಿ ಇರಬೇಕು ಅಂತ ಅರ್ಜಿ ಹಾಕಬೇಕಾಗಿ ಬಂದದ್ದೇ ನಾಚಿಕೆ.

ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ರಾಯಚೂರು ನಗರಕ್ಕೆ ಮೂರು ಸಲ ಬಂದಿದೆ: 1934ರಲ್ಲಿ, 1956ರಲ್ಲಿ, 2016ರ ಡಿಸೆಂಬರಿನಲ್ಲಿ. ಕೊನೆಯದು ನೋಟು ರದ್ದಾಗಿ ತಿಂಗಳೂ ತುಂಬದ ಹೊತ್ತಿನಲ್ಲಿ. ಮೂರು ದಿನ ಪುಸ್ತಕದ ಮಳಿಗೆ, ನಾಲ್ಕನೇ ದಿನ ಪೆಂಡಾಲು ಬಿಚ್ಚಿತು. ಹಬ್ಬ ಆಗಲಿ, ಬೇಡ ಅನ್ನುವುದಿಲ್ಲ. ಹಬ್ಬದ ಮರುದಿನವೂ ಮನೆಯಲ್ಲಿ ಒಲೆ ಉರಿಯಬೇಕಲ್ಲ?

ಅವರು ಹೇಳುವ ಮೂರು ಮಾತು

‘ಹಳ್ಳ್ಯಾಗ ಯಾರ್ ಓದ್ತಾರ್ರೀ’ ಅನ್ನುವುದು ಮೊದಲನೆಯದು. ಶ್ರಾವಣದಲ್ಲಿ ತಿಂಗಳಿಡೀ ಪುರಾಣ ಕೇಳುವವರು ಹಳ್ಳಿಯವರೇ. ಭಜನೆ ಮೇಳದವರ ಮನೆಗೆ ಹೋಗಿ ನೋಡಿ, ತತ್ವಪದ ಬರೆದುಕೊಂಡ ನೋಟ್‌ಬುಕ್ಕನ್ನು ಅರಿವೆಯಲ್ಲಿ ಸುತ್ತಿ ಇಟ್ಟಿರುತ್ತಾರೆ. ಅಲಾಯಿ ಹಬ್ಬಕ್ಕೆ ರಿವಾಯತ್ ಪದ ಹೇಳುವವರೂ ಹಾಗೆಯೇ ಬರೆದಿಟ್ಟುಕೊಳ್ಳುತ್ತಾರೆ. ಅಂಗಡಿಯಲ್ಲಿ ಸಿಗದ್ದನ್ನು ಕೈಯಾರೆ ಬರೆದುಕೊಂಡು ಓದುವ ಜನಕ್ಕೆ ‘ಓದುವುದಿಲ್ಲ’ ಅನ್ನುವವರು ಅವರಿಗೆ ಬೇಕಾದ ಪುಸ್ತಕ ಯಾವತ್ತು ತಂದಿಟ್ಟು ನೋಡಿದ್ದಾರೆ?

‘ಎಲ್ಲಾ ಮೊಬೈಲ್‌ನ್ಯಾಗ ಐತಲ್ರೀ’ ಎರಡನೆಯದು. ನೀವು ಇದನ್ನು ಓದುತ್ತಿರುವುದೂ ಮೊಬೈಲಿನಲ್ಲೇ. ಅದರ ಉಪಯೋಗ ನಮಗೂ ಗೊತ್ತು. 2020ರಲ್ಲಿ ಸರ್ಕಾರವೇ ಡಿಜಿಟಲ್ ಗ್ರಂಥಾಲಯ ಶುರು ಮಾಡಿದೆ, ಅದೂ ಒಳ್ಳೆಯದೇ. ಆದರೆ ಮನೆಗೆ ಒಂದೇ ಫೋನಿದ್ದರೆ ಅದು ಅಪ್ಪನ ಜೊತೆ ಹೊಲಕ್ಕೆ ಹೋಗುತ್ತದೆ, ಮಗಳ ಕೈಗೆ ರಾತ್ರಿ ಬರುತ್ತದೆ, ಅದೂ ಬಂದರೆ. ಇನ್ನೊಂದು ಮಾತು: ಯಾರೂ ಬರೆಯದ್ದನ್ನು ಮೊಬೈಲ್ ಎಲ್ಲಿಂದ ತಂದು ತೋರಿಸುತ್ತದೆ? ನಿಮ್ಮ ಊರಿನ ಹಳ್ಳದ ಹೆಸರು ಹಾಕಿ ಹುಡುಕಿ ನೋಡಿ.

‘ಮಕ್ಕಳಿಗೆ ನೌಕರಿ ಬೇಕು, ಗೈಡ್ ಸಾಕು’ ಮೂರನೆಯದು. ಇದು ಸುಳ್ಳಲ್ಲ. ರಾಯಚೂರಿನಲ್ಲಿ ರೂಮು ಮಾಡಿ, ಕೋಚಿಂಗಿಗೆ ಸಾಲ ಮಾಡಿ ಓದುವ ಮಕ್ಕಳ ಕಷ್ಟ ನಮಗೆ ಗೊತ್ತು. ಗೈಡ್ ಇರಲಿ, ಹೊಸದು ತರಲಿ. ಆದರೆ ಗೈಡ್ ವರ್ಷಕ್ಕೆ ಹಳತಾಗುತ್ತದೆ. ನೂರು ಜನ ಪರೀಕ್ಷೆ ಬರೆದರೆ ನೌಕರಿ ಕೆಲವರಿಗೆ ಮಾತ್ರ. ಉಳಿದವರು ಊರಿಗೇ ಬರುತ್ತಾರೆ, ಅದೇ ಹೊಲ, ಅದೇ ಕಾಲುವೆ, ಅದೇ ಪಂಚಾಯ್ತಿ. ಅವರ ಬಾಳಿಗೆ ಬೇಕಾದ ಪುಸ್ತಕ ಯಾವ ಸಾಲಿನಲ್ಲಿದೆ?

ಏನು ಮಾಡಬೇಕು

ನಮ್ಮ ಬೇಡಿಕೆ ದೊಡ್ಡದಲ್ಲ. ಒಂದು, ಈ ವರ್ಷ ಗ್ರಂಥಾಲಯ ಕರ ಎಷ್ಟು ಬಂತು, ಪುಸ್ತಕಕ್ಕೆ ಎಷ್ಟು ಹೋಯ್ತು ಅಂತ ಅರಿವು ಕೇಂದ್ರದ ಗೋಡೆ ಮೇಲೆ ಬರೆಯಬೇಕು. ಕೇಳಿದರೂ ಹೇಳದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಅರ್ಜಿಗೆ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ.

ಎರಡು, ಪುಸ್ತಕದ ಪಟ್ಟಿ ಊರಲ್ಲೇ ಆಗಬೇಕು. ಒಬ್ಬ ಮೇಷ್ಟ್ರು, ಒಬ್ಬ ರೈತ, ಸ್ವಸಹಾಯ ಸಂಘದ ಒಬ್ಬ ಅಕ್ಕ, ಕಾಲೇಜಿಗೆ ಹೋಗುವ ಒಬ್ಬ ಹುಡುಗಿ, ಭಜನೆ ಮೇಳದ ಒಬ್ಬರು ಕೂತು ಆರಿಸಲಿ. ಅರ್ಧ ದುಡ್ಡು ಶಾಲೆ, ಪರೀಕ್ಷೆಯ ಪುಸ್ತಕಕ್ಕೆ ಹೋಗಲಿ. ಉಳಿದ ಅರ್ಧ ನೆಲ ನೀರಿನ, ಸಮಾಜದ, ಹಾಡು ಕಥೆಯ ಪುಸ್ತಕಕ್ಕೆ ಇರಲಿ.

ಮೂರು, ಇಲ್ಲದ ಪುಸ್ತಕ ಹುಟ್ಟಬೇಕು. ಕೃಷಿ ವಿಶ್ವವಿದ್ಯಾಲಯ ರಾಯಚೂರಿನಲ್ಲೇ ಇದೆ, ಇನ್ನೊಂದು ವಿಶ್ವವಿದ್ಯಾಲಯವೂ ಬಂದಿದೆ. ಸವಳು ನೆಲ, ಕೀಟ, ಗುಳೆ, ದೇವದಾಸಿ ಅಕ್ಕಂದಿರ ಬದುಕು, ಇವುಗಳ ಬಗ್ಗೆ ಅಲ್ಲಿ ನಡೆಯುವ ಅಧ್ಯಯನ ನಮಗೆ ತಿಳಿಯುವ ಕನ್ನಡದಲ್ಲಿ 60 ಪುಟದ ಪುಸ್ತಕವಾಗಿ ಹಳ್ಳಿಗೆ ಬರಲಿ.

ಅಣ್ಣಾರೇ, ಅಕ್ಕಾರೇ, ಗ್ರಾಮಸಭೆಯ ಡಂಗುರ ಕೇಳಿಸಿದರೆ ಈ ಸಲ ಹೋಗಿ. ಚರಂಡಿ, ದೀಪದ ಮಾತು ಮುಗಿದ ಮೇಲೆ ಎದ್ದು ನಿಂತು ಗ್ರಂಥಾಲಯ ಕರದ ಲೆಕ್ಕ ಕೇಳಿ, ನಿಮಗೆ ಬೇಕಾದ ಐದು ಪುಸ್ತಕದ ಹೆಸರು ಹೇಳಿ. ಪಿಡಿಒ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳುವ ತನಕ ಕೂರಬೇಡಿ.